ಎದುರು ದಿಕ್ಕಿನಿಂದ ಬಂದ ಹೆಡ್ ಕಾನ್‌ಸ್ಟೇಬಲ್

ಹಂಪಿಯ ಆಟೋ ಹೊನ್ನೂರುಸ್ವಾಮಿ ಮೆಲ್ಲಗೆ ಓಡಿಸುವವನೆಂದು ಹೆಸರಾಗಿದ್ದ. ಗುಡಿಗೆ ಬಂದ ಮುದುಕಿಯರು ಅವನ ಗಾಡಿಯನ್ನೇ ಹುಡುಕಿ ಹತ್ತುತ್ತಿದ್ದರು. ಅಂಥವನ ಆಟೋಕ್ಕೆ ಒಂದು ಬೆಳಿಗ್ಗೆ ಹೊಸಪೇಟೆಯ ಸರ್ಕಲ್‌ನಲ್ಲಿ ಪೊಲೀಸನೊಬ್ಬ ಬಂದು ಗುದ್ದಿದ.

ಸರ್ಕಲ್‌ನಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಪಂಪಾವತಿ ಕೈ ತೋರಿಸಿ ಬಿಟ್ಟಮೇಲೆಯೇ ಅವನು ತಿರುಗಿದ್ದು. ಅಷ್ಟರಲ್ಲಿ, ಡಿವೈಡರ್ ಸುತ್ತಿ ಬರಲು ಬೇಸರಪಟ್ಟ ಹೆಡ್ ಕಾನ್‌ಸ್ಟೇಬಲ್ ಮೂಕಣ್ಣ ಎದುರು ದಿಕ್ಕಿನಿಂದಲೇ ಬೈಕು ನುಗ್ಗಿಸಿದ. ತಲೆಗೆ ಹೆಲ್ಮೆಟ್ ಇಲ್ಲ, ಕಿವಿಗೂ ಭುಜಕ್ಕೂ ನಡುವೆ ಫೋನು. ಆಟೋದ ಮುಂದಿನ ಗಾಲಿಗೆ ಬಡಿದು ಉರುಳಿಬಿದ್ದ.

"ಕಣ್ಣೇನು ನೆತ್ತಿ ಮ್ಯಾಲ ಅದಾವೇನಲೇ?" ಎಂದು ಮೇಲೆದ್ದವನೇ ಗದರಿಸಿ, ಆಟೋದ ಕೀ ಕಿತ್ತುಕೊಂಡ. "ನಡಿ ಸ್ಟೇಷನ್ನಿಗೆ!"

ಆಟೋ ತಳ್ಳಿಕೊಂಡು ಬಂದು, ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಹೊನ್ನೂರುಸ್ವಾಮಿ ಕುಸಿದು ಕೂತ. ಸುದ್ದಿ ಕೇಳಿ ಓಡಿಬಂದ ಆಟೋ ಸ್ಟ್ಯಾಂಡಿನ ಗೆಳೆಯ ಯಲ್ಲೇಶ್ ಕಿವಿಯಲ್ಲಿ ಹೇಳಿದ: "ತಪ್ಪು ನಂದ ಅಂತ ಕಾಲು ಹಿಡಕೊಂಬಿಡು. ಪೊಲೀಸ್ರ ಮ್ಯಾಲ ಪೊಲೀಸ್ರು ಎಲ್ಲೆರ ಕೇಸ್ ಹಾಕ್ತಾರೇನು?"

ಮಾತು ಸರಿಯೆನಿಸಿತು. ಲೈಸೆನ್ಸ್ ಹೋದರೆ ಬೇರೇನು ಮಾಡಬೇಕೆಂಬುದೇ ಅವನಿಗೆ ಹೊಳೆಯಲಿಲ್ಲ. ಅಷ್ಟೊತ್ತಿಗೆ ಅವನ ಹೆಂಡತಿ ಹೊಳೆಮ್ಮ ಬಾಳೆತೋಟದ ಕೆಲಸ ಬಿಟ್ಟು, ಕಾಲಿನ ಕೆಸರೂ ತೊಳೆಯದೆ ಬಂದಳು.

"ನೀ ತಪ್ಪು ಮಾಡೀಯೇನು?"

"ಇಲ್ಲ."

"ಮತ್ಯಾಕ ಮಾಡೀನಿ ಅಂತಿ? ಆದದ್ದು ಹೇಳು. ಆಮ್ಯಾಲ ಏನಾಗತೈತೋ ಆಗ್ಲಿ."

ಎಸ್‌ಐ ಶಾಂಭವಿ ಒಳಗೆ ಕರೆದರು. ಹೊನ್ನೂರುಸ್ವಾಮಿ ತೊದಲುತ್ತಲೇ ಆದದ್ದನ್ನು ಆದಂತೆ ಹೇಳಿದ. ಮೂಕಣ್ಣ ನಕ್ಕುಬಿಟ್ಟ. "ಈ ಆಟೋದವ್ರದು ಇದ್ದದ್ದ ಕತಿ ಬಿಡ್ರಿ ಮೇಡಂ."

ಎಸ್‌ಐ, ಸರ್ಕಲ್‌ನಿಂದ ಕರೆಸಿಕೊಂಡು ಬಾಗಿಲ ಬಳಿ ನಿಲ್ಲಿಸಿದ್ದ ಪಂಪಾವತಿಯ ಕಡೆ ತಿರುಗಿದರು. "ನೀವು ಏನು ನೋಡಿದ್ರಿ?"

ಮುಗೀತು ಎಂದುಕೊಂಡ ಹೊನ್ನೂರುಸ್ವಾಮಿ. ಅವಳು ಮೂಕಣ್ಣನ ಕೈಕೆಳಗಿನವಳು, ನಾಳೆಯೂ ಅವನ ಜೊತೆಯೇ ಡ್ಯೂಟಿ ಮಾಡಬೇಕು. ಅವಳೂ ಅದನ್ನೇ ಯೋಚಿಸುತ್ತಿದ್ದಳೇನೋ, ಟೋಪಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದಳು.

"ಆಟೋಕ್ಕ ಕೈ ತೋರಿಸಿ ಬಿಟ್ಟಾಕಿ ನಾನ ರೀ ಮೇಡಂ. ಅಣ್ಣಾರು ರಾಂಗ್ ಸೈಡಿನಾಗ ಬಂದ್ರು."

ಮೂಕಣ್ಣನ ನಗು ನಿಂತಿತು.

"ಹೆಲ್ಮೆಟ್ ಎಲ್ಲೈತ್ರಿ?" ಎಂದು ಎಸ್‌ಐ ಅವನನ್ನು ಕೇಳಿದರು.

"ಇಲ್ಲೇ ಹತ್ರ ಅಂತ ಹಾಕ್ಕೊಂಡಿದ್ದಿಲ್ರಿ... ಮೇಡಂ, ನಾವು ಡಿಪಾರ್ಟ್‌ಮೆಂಟಿನವ್ರು."

"ಅದಕ್ಕ ನಿಮಗ ದಂಡ ಎರಡು ಪಟ್ಟು. ಕಾನೂನು ಕಾಯೋರು ತಪ್ಪು ಮಾಡಿದ್ರ ಎರಡು ಪಟ್ಟು ಅಂತ ಕಾಯ್ದೆದಾಗ ಐತಿ. ನಿಮಗ ಗೊತ್ತಿಲ್ಲೇನು?"

ಅವರು ಅಲ್ಲೇ ರಸೀದಿ ಬರೆದರು. ಅಪಘಾತದ ವರದಿಯಲ್ಲೂ ಮೂಕಣ್ಣನ ಹೆಸರೇ ಹೋಗುತ್ತದೆಂದರು. ಆಮೇಲೆ ಕೀಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. "ನೀವು ಹೋಗ್ರಿ."

ಹೊನ್ನೂರುಸ್ವಾಮಿ ಹೊರಗೆ ಬಂದ. ಏನಾಯಿತೆಂದು ಹೊಳೆಮ್ಮ ಕೇಳಿದಳು. ಹೇಳಲು ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು, ಅಳುವಿನ ಹಿಂದೆಯೇ ನಗು. ಯಲ್ಲೇಶ್ ಕತೆಯನ್ನು ಎರಡು ಸಲ ಹೇಳಿಸಿಕೊಂಡರೂ ನಂಬಲಿಲ್ಲ.

ಆಟೋ ಸ್ಟಾರ್ಟ್ ಮಾಡುವಷ್ಟರಲ್ಲಿ ಮೂಕಣ್ಣ ಗೇಟಿನಲ್ಲಿ ಕಂಡ. ಬಲಗೈ ಮಣಿಕಟ್ಟು ಬಾತು ದಪ್ಪಗಾಗಿತ್ತು.

"ಆಸ್ಪತ್ರಿಗೆ ಬಿಡ್ತೀಯೇನಪ?"

ಹೊನ್ನೂರುಸ್ವಾಮಿ ಹೊಳೆಮ್ಮನ ಮುಖ ನೋಡಿದ. ಅವಳು ಸೀಟಿನ ಒಂದು ಬದಿಗೆ ಸರಿದು ಕೂತಳು.

ಆಸ್ಪತ್ರೆ ಬಂದು ಇಳಿಯುವಾಗ ಮೂಕಣ್ಣ ನೆಲ ನೋಡುತ್ತ, "ಎದುರಿಗೆ ಬಂದಾವ ನಾನ ಬಿಡಪ. ಬೈದದ್ದು ಮನಸಿನಾಗ ಇಟ್ಕೋಬ್ಯಾಡ" ಎಂದು ಹೇಳಿ ಒಳಗೆ ನಡೆದ.

ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲವೆಂಬುದು ಆಗ ಹೊನ್ನೂರುಸ್ವಾಮಿಗೆ ನೆನಪಾಯಿತು. ಆಸ್ಪತ್ರೆಯೆದುರಿನ ಅಂಗಡಿಯಲ್ಲಿ ಬಿಸಿ ಮಿರ್ಚಿ ಕರಿಯುತ್ತಿದ್ದರು.

"ಭಾಳ ಹಸಿವಾಗೈತಿ ನೋಡು" ಎಂದ.

"ನನಗೂ" ಎಂದಳು ಹೊಳೆಮ್ಮ. ಇಬ್ಬರೂ ಮಿರ್ಚಿ-ಮಂಡಕ್ಕಿಯ ತಟ್ಟೆ ಹಿಡಿದು ನೆರಳಿಗೆ ಹೋಗಿ ನಿಂತರು.