ಕೈಯಾಡಿಸದ ಶೂ

ಬೀದಿಯವರು ಅವನಿಗೆ ಇಟ್ಟ ಹೆಸರು ನಿಧಾನಪ್ಪ. ಶೂ ರಿಪೇರಿ ಮುಗಿದ ಮೇಲೂ ಒಳಗೆ ಕೈ ಹಾಕಿ, ಹಿಮ್ಮಡಿಯಿಂದ ತುದಿಯವರೆಗೆ ಬೆರಳಾಡಿಸಿ, ಮೊಳೆಯ ಮೊನೆ ಎಲ್ಲಾದರೂ ತಾಗುತ್ತದೆಯೇ ಎಂದು ನೋಡುತ್ತಿದ್ದ. ಆಮೇಲೆ ಗಿರಾಕಿಯನ್ನು ಹತ್ತು ಹೆಜ್ಜೆ ನಡೆಸಿಯೇ ಕಳಿಸುವುದು. ಇವನ ಕೈಗೆ ಮಗುವಿನ ಶೂ ಕೊಟ್ಟರೆ ವಾಪಸ್ ಬರುವಷ್ಟರಲ್ಲಿ ಮಗುವಿಗೆ ಮದುವೆಯಾಗಿರುತ್ತದೆ ಎಂದು ಹೆಂಡತಿಯೇ ನಗುತ್ತಿದ್ದಳು. ಆ ನಗು ಅವನಿಗೆ ನಾಟಿತು. ಎರಡು ವರ್ಷದ ಹಿಂದೆ ಮೊಳೆ ಹೊಡೆಯುವ ಯಂತ್ರ ತಂದ, ನಂಬರಿನ ಚೀಟಿ ಮಾಡಿಸಿದ, ‘ಒಂದೇ ಗಂಟೆಯಲ್ಲಿ ರಿಪೇರಿ’ ಎಂದು ಬೋರ್ಡು ಹಾಕಿದ. ಹೆಸರು ಮಾತ್ರ ಹೋಗಲಿಲ್ಲ.

ಆ ಬೆಳಿಗ್ಗೆ ಅಂಚೆಯಕ್ಕನ ತಂಗಿ ಬಂದು ಕಪ್ಪು ಶೂ ಒಂದನ್ನು ಅವನ ಮುಂದಿಟ್ಟಳು. ಮನೆಮನೆಗೆ ಕಾಗದ ಹಂಚುವ ಅಕ್ಕ ಮೂರು ದಿನದಿಂದ ಆಸ್ಪತ್ರೆಯಲ್ಲಿದ್ದಾಳಂತೆ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶವೇ ಇಲ್ಲ. ರಸ್ತೆಯಲ್ಲಿ ಎಲ್ಲೋ ಮೊಳೆ ಹೊಕ್ಕಿದ್ದು ತಿಳಿಯದೆ ಎಂಟು ದಿನ ನಡೆದಿದ್ದಾಳೆ. ಕಾಲುಚೀಲ ಅಂಟಿಕೊಂಡಾಗಲೇ ಗೊತ್ತಾದದ್ದು. ಆ ಮೊಳೆ ಕಿತ್ತುಕೊಡಬೇಕಂತೆ.

ಅವನು ಒಳಗೆ ಕೈ ಹಾಕಿದ. ಚುರುಕ್ಕೆಂದಿತು. ಶೂ ತಿರುಗಿಸಿ ಅಡಿ ನೋಡಿದ. ರಸ್ತೆಯ ಮೊಳೆಯಾಗಿದ್ದರೆ ಅದರ ತಲೆ ಹೊರಗೆ ಕಾಣಬೇಕಿತ್ತು. ಕಾಣಲಿಲ್ಲ. ಆ ತಲೆ ರಬ್ಬರಿನಡಿ ಮುಚ್ಚಿಹೋಗಿತ್ತು. ಆ ರಬ್ಬರು ಅಂಟಿಸಿದವನು ಅವನೇ, ಎರಡು ವಾರದ ಹಿಂದೆ. ಆವತ್ತು ಸಣ್ಣ ಮೊಳೆ ಮುಗಿದು, ಉದ್ದದ ಮೊಳೆಯ ಡಬ್ಬಿ ಒಡೆದಿದ್ದ.

ತಂಗಿಗೆ ಏನೂ ಗೊತ್ತಾಗಿರಲಿಲ್ಲ. ಸುಮ್ಮನೆ ಕಿತ್ತು ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಶಟರ್ ಎಳೆದು ಆಸ್ಪತ್ರೆಗೆ ಹೊರಟ.

ದಾರಿಯುದ್ದಕ್ಕೂ ಆ ದಿನ ಯಾವುದು ಎಂದು ಹುಡುಕಿದ. ಕೈಯಾಡಿಸುವುದನ್ನು ಬಿಟ್ಟ ದಿನ. ಬಿಡಬೇಕೆಂದು ಅವನೇನೂ ತೀರ್ಮಾನ ಮಾಡಿರಲಿಲ್ಲ. ಒಂದು ದಿನ ಗಿರಾಕಿಗಳು ಹೆಚ್ಚಿದ್ದರು, ಮಾಡಲಿಲ್ಲ. ಏನೂ ಆಗಲಿಲ್ಲ. ಮಾರನೇ ದಿನವೂ ಏನೂ ಆಗಲಿಲ್ಲ.

ಅಂಚೆಯಕ್ಕ ದಿಂಬಿಗೆ ಒರಗಿ ಕೂತಿದ್ದಳು. ಅಂಗಡಿ ಮುಚ್ಚಿ ಬಂದರೆ ಬೀದಿಯವರೆಲ್ಲ ಬರಿಗಾಲಲ್ಲಿ ಓಡಾಡಬೇಕಲ್ಲೋ ಎಂದು ಕಿಚಾಯಿಸಿದಳು.

“ಅಕ್ಕಾ, ಆ ಮೊಳೆ ರಸ್ತೇದಲ್ಲ. ನಂದು. ಅವತ್ತು ಸಣ್ಣವು ಮುಗಿದು ಉದ್ದದ ಮೊಳೆ ಡಬ್ಬಿ ಒಡೆದಿದ್ದೆ, ಒಳಗೆ ಕೈಯಾಡಿಸಿ ನೋಡಲಿಲ್ಲ.”

ಅವಳು ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿದಳು. ಆಮೇಲೆ, ಕಾಲು ಉಳಿಯುತ್ತದೆ, ನಡೆಯುವ ಕೆಲಸ ಮಾತ್ರ ಇನ್ನಿಲ್ಲ ಎಂದು ಡಾಕ್ಟರು ಬೆಳಿಗ್ಗೆ ಹೇಳಿಹೋದದ್ದನ್ನು ತಿಳಿಸಿದಳು.

“ದಿನಾ ಸಂಜೆ ಕನ್ನಡೀಲಿ ಪಾದ ನೋಡ್ಕೋ ಅಂತ ಡಾಕ್ಟರು ಮೊದಲೇ ಹೇಳಿದ್ರು,” ಎಂದಳು. “ನಾನು ಆ ಕನ್ನಡಿ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಹಾಗಂತ ನಿನ್ನ ತಪ್ಪೇನೂ ಕಮ್ಮಿ ಆಗಲ್ಲ.”

“ಇಲ್ಲಕ್ಕಾ.”

“ಆ ಡಬ್ಬಿ ಮೊಳೆ ಇನ್ಯಾರ ಶೂಗೆ ಹೊಡೆದೆ?”

ಈ ಯೋಚನೆ ಅವನಿಗೆ ಬಂದೇ ಇರಲಿಲ್ಲ. ಹನ್ನೊಂದು ಜೊತೆ. ಯಾರದು? ಮೊದಲಾದರೆ ಎದುರಲ್ಲೇ ನಡೆಸಿ ನೋಡುತ್ತಿದ್ದ, ಮುಖ ನೆನಪಿರುತ್ತಿತ್ತು. ಈಗ ಚೀಟಿಯ ನಂಬರು ಬಿಟ್ಟು ಏನೂ ಇಲ್ಲ. ಶೂಗಳು ಮಾತ್ರ ಕಣ್ಣಿಗೆ ಕಟ್ಟಿದ್ದವು.

“ಹೇಳು, ಹೇಗಿದ್ವು?”

“ಒಂದು ಕಂದು ಬಣ್ಣದ್ದು. ಎಡಗಾಲಿಂದು ಮಾತ್ರ ಸವೆದಿತ್ತು.”

“ಬೇಕರಿಯವನು. ಕಾಲೆಳೀತಾನೆ. ಮೂರನೇ ಅಡ್ಡರಸ್ತೆ, ಹಸಿರು ಬಾಗಿಲು.”

ಅವನು ಅಂಗೈ ಮೇಲೆ ಬರೆದುಕೊಂಡ. ಒಂದಾದ ಮೇಲೊಂದು ಹೇಳುತ್ತ ಹೋದ, ಅವಳು ಕಣ್ಣು ಮುಚ್ಚಿ ಮನೆಗಳನ್ನು ಹೇಳುತ್ತ ಹೋದಳು. ಏಳನೆಯದು ಅಗಲ ಮೂತಿಯ ಹೆಂಗಸರ ಶೂ, ಲೇಸಿನ ಬದಲು ಹೊಲಿಗೆ ದಾರ ಕಟ್ಟಿದ್ದು.

ಅವಳು ಥಟ್ಟನೆ ಕಣ್ಣು ತೆರೆದಳು.

“ದರ್ಜಿಯಮ್ಮ. ಅವಳಿಗೂ ನನ್ನ ಹಾಗೇ ಕಾಲಿಗೆ ಸ್ಪರ್ಶ ಇಲ್ಲ ಕಣೋ. ಮಿಕ್ಕಿದ್ದು ಆಮೇಲೆ, ಮೊದಲು ಅಲ್ಲಿಗೆ ಹೋಗು. ನೀರಿನ ಟ್ಯಾಂಕಿನ ಹಿಂದೆ, ಮೇಲಿನ ಮಹಡಿ. ಬಾಗಿಲು ಜೋರಾಗಿ ಬಡಿ, ಕರೆಗಂಟೆ ಕೆಟ್ಟಿದೆ.”

ಅವಳು ಮಾತು ಮುಗಿಸುವಷ್ಟರಲ್ಲಿ ಅವನು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದ.