ಕೊಲೆಗಾರನ ಪರವಾಗಿ ಉಮಾನಾಥ ಅಂಕಲ್

ಹೋದ ತಿಂಗಳು ನಾನು ತೋರಿಸಿದ ಸಿನಿಮಾಕ್ಕೆ ನಲವತ್ತು ಜನ ಬಂದಿದ್ದರು. ಮುಗಿಯುವಾಗ ಉಳಿದದ್ದು ಐದು ಜನ.

"ಈ ಸಲಾನೂ ಜನ ಎದ್ದು ಹೋದ್ರೆ ನಿನ್ ಸಿನಿಮಾ ಕ್ಲಬ್ ಕ್ಲೋಸ್, ದೀಪ್ತಿ. ಅಂತ್ಯಾಕ್ಷರಿ ಇಟ್ಕೋತೀವಿ," ಎಂದರು ಕನ್ನಡ ಸಂಘದ ಅಧ್ಯಕ್ಷೆ ಪಂಕಜಾ ಆಂಟಿ.

ಅಂತ್ಯಾಕ್ಷರಿಗೆ ಹೆದರಿ ಕೊಲೆಯ ಕತೆ ಆರಿಸಿದೆ. 1930ರ ಬ್ರಿಟಿಷ್ ಚಿತ್ರ. ಲಂಡನ್ನಿನ ಗುಮಾಸ್ತನೊಬ್ಬ ಮಾಲೀಕನನ್ನು ಕೊಲ್ಲುತ್ತಾನೆ, ಕೊನೆಗೆ ಕೋರ್ಟು. ಸಿನಿಮಾ ಆಗಷ್ಟೇ ಮಾತು ಕಲಿತಿದ್ದ ಕಾಲ. ಧ್ವನಿಯನ್ನು ಬೇರೆ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸುತ್ತಿದ್ದರು. ಕೊನೆಯ ತಟ್ಟೆ ಕಳೆದುಹೋಗಿದೆ ಎಂದು ಡಿವಿಡಿಯ ಹಿಂದೆ ಬರೆದಿತ್ತು. ನಾನು ಓದಿರಲಿಲ್ಲ.

ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನ ಕ್ಲಬ್‌ಹೌಸಿನಲ್ಲಿ, ಕೋರ್ಟಿನ ದೃಶ್ಯ ಶುರುವಾದ ಕೂಡಲೇ ಧ್ವನಿ ನಿಂತಿತು. ಪರದೆಯ ಮೇಲೆ ವಕೀಲ ಸುಮ್ಮನೆ ಬಾಯಿ ಆಡಿಸುತ್ತಿದ್ದ. ಪೋರ್ಟರ್ ರ್ಯಾಂಚ್‌ನಿಂದ ಎರಡೂವರೆ ಗಂಟೆ ಡ್ರೈವ್ ಮಾಡಿ ಬಂದವರು ಕಾರಿನ ಕೀ ಹುಡುಕತೊಡಗಿದರು.

"ಕೂತ್ಕೊಳ್ಳಿ ಮಾರಾಯ್ರೆ!"

ಎದ್ದು ನಿಂತವರು ಉಮಾನಾಥ ಅಂಕಲ್. ಉಡುಪಿಯವರು, ಹಲ್ಲಿನ ಡಾಕ್ಟರು. ಊರಿನ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು, ಸ್ಥಳದಲ್ಲೇ ಮಾತು ಹೊಸೆದು ರಾವಣನ ಪರವಾಗಿಯೂ ವಾದಿಸಿದವರು. ಇಲ್ಲಿ ಬಾಯಿ ತೆರೆದು ಮಲಗಿದ ಪೇಷೆಂಟುಗಳ ಎದುರು ಒಬ್ಬರೇ ಮಾತಾಡಿ ಬೇಸತ್ತಿದ್ದರು.

"ನಾನು ಕೊಲೆಗಾರ. ಜಲಜಾ, ನೀನು ಸರ್ಕಾರಿ ವಕೀಲ."

"ಮನೆಯಲ್ಲೂ ಅದೇ ಅಲ್ವಾ?" ಎನ್ನುತ್ತ ಅವರ ಹೆಂಡತಿ ಜಲಜಾಕ್ಷಿ ಆಂಟಿ ಮುಂದೆ ಬಂದರು. "ಹೇಳಿ, ಕೊಂದದ್ದು ಹೌದೋ ಅಲ್ವೋ?"

"ಕೊಂದದ್ದು ಈ ಕೈ. ಹನ್ನೆರಡು ವರ್ಷ ಈ ಕೈಗೆ ರಜೆ ಕೊಡದಿದ್ದದ್ದು ಯಾರು?"

"ರಜೆ ಕೊಡ್ಲಿಲ್ಲ ಅಂತ ಕೊಲ್ಲೂದಾ? ಹಾಗಾದ್ರೆ ಇಲ್ಲಿ ವೀಸಾದಲ್ಲಿ ಇರುವವರ ಒಬ್ಬ ಬಾಸೂ ಉಳಿಯೂದಿಲ್ಲ!"

ಜನ ನಕ್ಕರು. ಕೀಗಳು ಜೇಬಿಗೆ ವಾಪಸಾದವು.

ನಾನು ಹಿಂದಿನಿಂದ ಪಿಸುಗುಟ್ಟಿದೆ: "ಅಂಕಲ್, ಸೋಲಿ! ಕತೆಯಲ್ಲಿ ಅವನಿಗೆ ನೇಣು!"

ಅವರು ಕೇಳಲಿಲ್ಲ. ತಾಳಮದ್ದಳೆಯಲ್ಲಿ ಸಾಯುವ ಪಾತ್ರವೂ ಮಾತಿನಲ್ಲಿ ಸೋಲುವುದಿಲ್ಲ. ಹತ್ತು ನಿಮಿಷದಲ್ಲಿ ಮಾಲೀಕನೇ ಅಪರಾಧಿಯಾಗಿದ್ದ. ಜಲಜಾಕ್ಷಿ ಆಂಟಿ ಕೈಚೆಲ್ಲಿ ನೀರು ಕುಡಿದರು. ಭಾರಿ ಚಪ್ಪಾಳೆ.

ಅಷ್ಟರಲ್ಲಿ ಪರದೆಯ ಮೇಲಿನ ನ್ಯಾಯಾಧೀಶ ತಲೆಯ ಮೇಲೆ ಕರಿ ಬಟ್ಟೆ ಇಟ್ಟುಕೊಂಡ.

"ಅದ್ಯಾಕೆ ಬಟ್ಟೆ?" ಪಂಕಜಾ ಆಂಟಿ ಕೇಳಿದರು.

"ಮರಣದಂಡನೆ ಅಂತ."

"ಯಾಕಂತೆ? ಇವ್ರು ಗೆದ್ರಲ್ಲ!"

"ಅನ್ಯಾಯ!" ಎಂದು ಯಾರೋ ಕೂಗಿದರು. ದೀಪ ಹಾಕಿದೆ. ಒಬ್ಬರೂ ಏಳಲಿಲ್ಲ. ತಲೆ ಎಣಿಸಿದೆ: ಬಂದ ಮೂವತ್ತೆಂಟು ಜನರೂ ಇದ್ದರು.

"ಮುಂದಿನ ತಿಂಗಳು ಅಪೀಲು ಹಾಕ್ಸು," ಎಂದರು ಪಂಕಜಾ ಆಂಟಿ.

"ಹಾಗೊಂದು ಸಿನಿಮಾ ಇಲ್ಲ ಆಂಟಿ."

"ಯಾವುದಾದ್ರೂ ತಾ. ಸೌಂಡ್ ಮಾತ್ರ ಇರಬಾರದು."