ಚೀಲ ಹೊದ್ದ ಓಮ್ನಿ

ದಾದಾಪೀರನ ಹಳೇ ಓಮ್ನಿಗೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಗ್ಯಾಸು. ಓಡುವುದೆಲ್ಲ ಗ್ಯಾಸಿನ ಮೇಲೆಯೇ. ಆದರೆ ಚಳಿಗಾಲದ ಬೆಳಗ್ಗೆ ಮೊದಲು ಪೆಟ್ರೋಲು ಕುಡಿಸಿ ಎಂಜಿನ್ ಬೆಚ್ಚಗೆ ಮಾಡದಿದ್ದರೆ ಅದು ಏಳುವ ಜಾತಿಯದಲ್ಲ. ದಿನಾ ಅಗಡಿಯಿಂದ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಒಯ್ಯುವ ಮನುಷ್ಯನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ದಿನ ಪೆಟ್ರೋಲಿನ ಮುಳ್ಳು ನೆಲ ಕಚ್ಚಿತ್ತು.

ಅದೇ ದಿನ ನಸುಕಿನಲ್ಲಿ ರಾಣೆಬೆನ್ನೂರಿನ ಆಸ್ಪತ್ರೆಯಿಂದ ಅಳಿಯ ಅಸ್ಲಮನ ಫೋನು. ಮಗಳು ಅಲ್ಮಾಸಳಿಗೆ ಹೆಣ್ಣುಕೂಸು ಹುಟ್ಟಿತ್ತು.

“ಹುಟ್ಟಿದ ಕೂಸಿನ ಕಿವ್ಯಾಗ ಮೊದಲ ಹೇಳೂ ಬಾಂಗು ನೀವ ಹೇಳಬೇಕಂತರಿ. ಬ್ಯಾರೇದವ್ರು ಬ್ಯಾಡಂತ ಅಲ್ಮಾಸ ಹಟಾ ಹಿಡದಾಳ. ಲಗೂ ಬರ್ರಿ.”

ಅಗಡಿಯ ಮಸೀದಿಯಲ್ಲಿ ನಮಾಜಿಗೆ ಕರೆಯುವ ಬಾಂಗು ಕೂಗುವವನು ದಾದಾಪೀರನೇ. ಮೈಕು ಕೆಟ್ಟ ದಿನವೂ ಅವನ ದನಿ ಊರಾಚೆಯ ಹೊಲಕ್ಕೆ ಮುಟ್ಟುತ್ತಿತ್ತು. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಕೀ ತಿರುವಿದ. ಓಮ್ನಿ ಕೆಮ್ಮಿ ಸುಮ್ಮನಾಯಿತು. ಪಕ್ಕದ ಮನೆಯ ಶಂಕ್ರಪ್ಪ ಕಂಬಳಿ ಹೊದ್ದು ಬಂದ.

“ನನ್ನ ಟ್ರ್ಯಾಕ್ಟರಿನ ಡೀಸೆಲ್ ಹಾಕ್ಲೇನೋ?”

“ಹಾಕು. ಆಮ್ಯಾಲ ಎಂಜಿನ್ ಕಬರಸ್ತಾನಕ್ಕ ನೀನ ಹೊತ್ಕೊಂಡು ಹೋಗು” ಎಂದು ದಾದಾಪೀರ ಸಿಡುಕಿದ.

ಶಂಕ್ರಪ್ಪ ನಗುತ್ತ ತನ್ನ ಬೈಕಿನಿಂದ ಒಂದು ಬಾಟಲಿ ಪೆಟ್ರೋಲು ಇಳಿಸಿ ಕೊಟ್ಟ. ಚೋಕ್ ಎಳೆದು ತಿರುವಿದಾಗ ಗಾಡಿ ಮೈಮುರಿದು ಎದ್ದಿತು. ಹೆಂಡತಿ ಮಾಸುಮಬಿ ಬಿಸ್ಮಿಲ್ಲಾ ಎಂದು ಪಕ್ಕದಲ್ಲಿ ಕೂತಳು.

ಹೈವೇಗೆ ಬಂದ ಮೇಲೆ ಗ್ಯಾಸಿಗೆ ಹಾಕಿದ. ಮೋಟೆಬೆನ್ನೂರಿನ ಹತ್ತಿರ ಸೀಟಿನಡಿಯಿಂದ ಘಾಟು ಎದ್ದಿತು ನೋಡಿ! ಇಬ್ಬರಿಗೂ ಕಣ್ಣಲ್ಲಿ ನೀರು, ಸೀನಿನ ಮೇಲೆ ಸೀನು. ಗಾಡಿ ನಿಲ್ಲಿಸಿ ಸೀಟು ಎತ್ತಿದರೆ ಎಂಜಿನ್ ಮೇಲೆ ಮೆಣಸಿನಕಾಯಿಯ ಖಾಲಿ ಚೀಲ.

“ನಾನ ಹೊಚ್ಚಿದ್ದೆರಿ” ಎಂದಳು ಮಾಸುಮಬಿ ಕೆಮ್ಮುತ್ತ. “ಇವತ್ತೋ ನಾಳೆಯೋ ಫೋನ್ ಬರತೈತಿ, ಎಂಜಿನ್ ಬೆಚ್ಚಗಿರಲಿ ಅಂತ. ಹೇಳಾಕ ಮರತೆ. ನಮ್ಮ ಮನ್ಯಾಗ ಬ್ಯಾರೆ ಚೀಲ ಎಲ್ಲಿ ಅದಾವರಿ?”

ಬೈಯಬೇಕೆಂದು ಬಾಯಿ ತೆರೆದ; ಮತ್ತೊಂದು ಸೀನು ಬಂತು. ಅವಳ ಕೆಂಪಾದ ಮೂಗು ನೋಡಿ ಅವನಿಗೆ ಸಿಟ್ಟೂ ಉಳಿಯಲಿಲ್ಲ. ಆದರೆ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಅವನ ದನಿಯೂ ಉಳಿದಿರಲಿಲ್ಲ. ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು. ದಾದಾಪೀರ ಕೈಕಾಲು ಮುಖ ತೊಳೆದು ವಜೂ ಮಾಡಿ ಬಂದು, ಗಂಟಲು ಮುಟ್ಟಿ ತೋರಿಸಿ, ನೀನೇ ಹೇಳು ಎಂದು ಅಸ್ಲಮನಿಗೆ ಕೈಸನ್ನೆ ಮಾಡಿದ. ನಾಚಿಕೆಯಿಂದ ಅವನ ತಲೆ ಮೇಲೇಳಲಿಲ್ಲ. ಮಾಸುಮಬಿ ಅಳುತ್ತ ನಡೆದದ್ದನ್ನು ಹೇಳಿದಳು.

ಅಲ್ಮಾಸ ಕೂಸನ್ನು ಅಪ್ಪನ ತೋಳಿಗೇ ಚಾಚಿದಳು.

“ಅಬ್ಬಾಜಾನ್, ಇಷ್ಟು ವರ್ಷ ಊರಿಗೆಲ್ಲ ಕೇಳೂಹಂಗ ಕೂಗೀರಿ. ಇವತ್ತ ಇಕಿ ಒಬ್ಬಾಕಿಗೆ ಕೇಳಿದ್ರ ಸಾಕರಿ.”

ಅವನು ಬಗ್ಗಿ ಆ ಪುಟ್ಟ ಕಿವಿಗೆ ತುಟಿ ತಾಗಿಸಿದ. ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದ ಮಾಸುಮಬಿಗೂ ಒಂದು ಅಕ್ಷರವೂ ಕೇಳಲಿಲ್ಲ. ಕೂಸು ಮಾತ್ರ ಅಳು ನಿಲ್ಲಿಸಿ ಕೊನೆಯವರೆಗೂ ಕೇಳಿಸಿಕೊಂಡಿತು.